ಮಾಳಾದಲ್ಲಿ ಸಿಕ್ಕ ಹನ್ನೊಂದು ಕ್ಯಾಸೆಟ್: ದೂರದರ್ಶನದ ಅಂತರಿಕ್ಷ ಧಾರಾವಾಹಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗ್ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದೆ. ಮನೆ ಖಾಲಿ ಮಾಡುವಾಗ ಬಾತ್‌ರೂಮಿನ ಮೇಲಿನ ಮಾಳಾದಲ್ಲಿ (ಅಟ್ಟದಲ್ಲಿ) ಅಪ್ಪ ಟಿವಿಯಿಂದ ರೆಕಾರ್ಡ್ ಮಾಡಿಟ್ಟಿದ್ದ 11 ವಿಎಚ್‌ಎಸ್ ಕ್ಯಾಸೆಟ್ ಸಿಕ್ಕವು. ಚೀಟಿಗಳ ಮೇಲೆ ಅವರದೇ ಕನ್ನಡ ಅಕ್ಷರ: ‘ಸ್ಟಾರ್ ಟ್ರೆಕ್’, ‘ಇಂದ್ರಧನುಷ್’, ‘ಸಿಗ್ಮಾ’, ‘ಕ್ಯಾಪ್ಟನ್ ವ್ಯೋಮ್’, ‘ಶಕ್ತಿಮಾನ್’. ನಾಲ್ಕರಲ್ಲಿ ಬಿಳಿ ಪುಡಿ ಕಾಣುತ್ತಿದೆ. ಚೋರ್ ಬಜಾರಿನಿಂದ ಒಂದು ಹಳೆಯ ವಿಸಿಆರ್ ತಂದೆವು. ಅದರಲ್ಲಿ ಮಾತು ಕೇಳುತ್ತದೆ, ಚಿತ್ರ ಮಾತ್ರ ಪೂರ್ತಿ ಚುಕ್ಕೆಚುಕ್ಕೆ. ಭಾವ ಕಂಪ್ಯೂಟರಿಗೆ ಚುಚ್ಚುವ ಯುಎಸ್‌ಬಿ ಕಡ್ಡಿಯೊಂದನ್ನು ಕೊಟ್ಟಿದ್ದಾರೆ. ಚುಕ್ಕೆ ಕಡಿಮೆಯಾದಾಗಲೂ ಅದರಲ್ಲಿ ಬಣ್ಣ ಬರುತ್ತಿಲ್ಲ. ಇವೆಲ್ಲ ಯೂಟ್ಯೂಬಿನಲ್ಲೇ ಇರುತ್ತವಲ್ಲ, ಇಷ್ಟು ಕಷ್ಟ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಸದ್ಯಕ್ಕೆ ವಿಸಿಆರ್‌ಗೆ ಇನ್ನೊಂದು ಕ್ಯಾಸೆಟ್ ಹಾಕಬೇಡಿ. ಬೂಷ್ಟು ಹಿಡಿದ ಒಂದೇ ಒಂದು ಟೇಪ್ ಒಳಗೆ ಓಡಿದರೂ ಆ ಪುಡಿ ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಹತ್ತಕ್ಕೂ ಅಂಟುತ್ತದೆ. ನಿಮ್ಮ ಚಿತ್ರ ಚುಕ್ಕೆಚುಕ್ಕೆಯಾಗಿರುವುದೂ ಬಹುಶಃ ಹಾಗೆಯೇ. ಮೊದಲು ಮಾಡಬೇಕಾದ ಕೆಲಸ ಎರಡು ನಿಮಿಷದ್ದು. ಕ್ಯಾಸೆಟ್ಟಿನಲ್ಲಿ ಚೀಟಿ ಅಂಟಿಸುವ ಬೆನ್ನಿನ ಎಡತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದು ಇನ್ನೂ ಇದ್ದರೆ ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಮುರಿದ ಜಾಗಕ್ಕೆ ಅಪ್ಪ ಟೇಪ್ ಅಂಟಿಸಿದ್ದರೆ ಕಿತ್ತುಬಿಡಿ. ಆಮೇಲೆ ರೆಕಾರ್ಡ್ ಗುಂಡಿಯನ್ನು ಯಾರು ತಪ್ಪಿ ಒತ್ತಿದರೂ ‘ಸಿಗ್ಮಾ’ದ ಮೇಲೆ ಏನೂ ಬೀಳುವುದಿಲ್ಲ.

ಇನ್ನು ಮನೆಯವರ ಪ್ರಶ್ನೆ. ಅರ್ಧ ಸರಿಯಾದದ್ದೇ. ಶಕ್ತಿಮಾನ್ 1997ರ ಸೆಪ್ಟೆಂಬರ್ 13ರಂದು ಶುರುವಾಗಿ 2005ರವರೆಗೆ ನಡೆಯಿತು, 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ಅದನ್ನು ಮತ್ತೆ ತೋರಿಸಿತು. ಪ್ರಸಾರ ಭಾರತಿ 2024ರ ನವೆಂಬರ್ 20ರಂದು ಗೋವಾದ ಚಿತ್ರೋತ್ಸವದಲ್ಲಿ ಬಿಡುಗಡೆ ಮಾಡಿದ ‘ವೇವ್ಸ್’ ಆ್ಯಪ್‌ನಲ್ಲೂ ಅದು ಇದೆ. ಸ್ಟಾರ್ ಟ್ರೆಕ್‌ನ ಮೂಲ ಸರಣಿ (1966–69, 79 ಕಂತು) 35 ಎಂಎಂ ಫಿಲ್ಮಿನಲ್ಲಿ ತೆಗೆದದ್ದು. ಅದರ ಮೂಲ ಫಿಲ್ಮಿನಿಂದಲೇ ತೆಗೆದ ನಿಚ್ಚಳ ಪ್ರತಿಗಳು ಸಿಗುತ್ತವೆ, ನಿಮ್ಮ ಟೇಪ್ ಅದರ ಹತ್ತಿರಕ್ಕೂ ಬರುವುದಿಲ್ಲ. ಆದ್ದರಿಂದ ಈ ಎರಡನ್ನು ಸರದಿಯ ಕೊನೆಗೆ ಇಡಿ. 1989ರ ‘ಇಂದ್ರಧನುಷ್’ ಮತ್ತು ಅದೇ ಆಸುಪಾಸಿನ ‘ಸ್ಪೇಸ್ ಸಿಟಿ ಸಿಗ್ಮಾ’ ಮೊದಲು. ಕೇತನ್ ಮೆಹ್ತಾ ನಿರ್ದೇಶನದ, ಮಿಲಿಂದ್ ಸೋಮನ್ ನಟಿಸಿದ ‘ಕ್ಯಾಪ್ಟನ್ ವ್ಯೋಮ್’ (1998) ನಡುವೆ. ಆನಂದ್ ಮಹೇಂದ್ರೂ ಅವರ ‘ಇಂದ್ರಧನುಷ್’ನಲ್ಲಿ ನಮ್ಮ ಗಿರೀಶ ಕಾರ್ನಾಡರೂ ಇದ್ದರು ಎನ್ನುವುದು ಕನ್ನಡದ ಮನೆಗೆ ಇನ್ನೊಂದು ಕಾರಣ.

ಆದರೆ ಸರದಿ ಏನೇ ಇರಲಿ, ಯಾವ ಟೇಪನ್ನೂ ಬಿಡಬೇಡಿ, ಮೊದಲಿಂದ ಕೊನೆಯವರೆಗೆ ಒಂದು ಸೆಕೆಂಡನ್ನೂ ಕತ್ತರಿಸಬೇಡಿ. ಕಂತು ಬೇರೆ ಕಡೆ ಇರಬಹುದು. ಕಂತಿನ ನಡುವಿನ ಸೋಪಿನ ಜಾಹೀರಾತು, ಉದ್ಘೋಷಕಿಯ ಎರಡು ಮಾತು, ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ, ಮುಂದಿನ ಮರಾಠಿ ಬಾತ್ಮ್ಯಾದ (ವಾರ್ತೆಯ) ಅರ್ಧ ನಿಮಿಷ, ಇವನ್ನು ಯಾರೂ ಮರುಬಿಡುಗಡೆ ಮಾಡುವುದಿಲ್ಲ. ಚಾನೆಲ್‌ಗಳು ಹಳೆಯದನ್ನೆಲ್ಲ ಜೋಪಾನ ಮಾಡಿರುತ್ತವೆ ಎಂದುಕೊಂಡರೆ ಮೋಸ ಹೋಗುತ್ತೀರಿ. 1963ರಲ್ಲಿ ಮಕ್ಕಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬಿಬಿಸಿ ಶುರುಮಾಡಿದ ‘ಡಾಕ್ಟರ್ ಹೂ’ವಿನ 90ಕ್ಕೂ ಹೆಚ್ಚು ಕಂತುಗಳ ಚಿತ್ರ ಇವತ್ತು ಆ ಸಂಸ್ಥೆಯ ಹತ್ತಿರವೇ ಇಲ್ಲ. ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿದರು. ಆ ಕಂತುಗಳ ಧ್ವನಿಯಾದರೂ ಪೂರ್ತಿಯಾಗಿ ಉಳಿದದ್ದು, ಮನೆಯಲ್ಲಿ ಟಿವಿ ಮುಂದೆ ಕೂತು ರೆಕಾರ್ಡ್ ಮಾಡಿಕೊಂಡ ನೋಡುಗರಿಂದ. ನಿಮ್ಮ ಅಪ್ಪ ಮಾಡಿದ್ದು ಅದೇ ಕೆಲಸ, ಚಿತ್ರದ ಸಮೇತ.

ಈಗ ಬಿಳಿ ಪುಡಿ. ಮುಂಬೈ ಫ್ಲ್ಯಾಟುಗಳಲ್ಲಿ ಮಾಳಾ ಇರುವುದೇ ಬಾತ್‌ರೂಮ್ ಅಥವಾ ಅಡುಗೆಮನೆಯ ನೆತ್ತಿಯ ಮೇಲೆ, ಅಂದರೆ ಮನೆಯಲ್ಲೆಲ್ಲ ಅತಿ ಹೆಚ್ಚು ಹಬೆ ಕೂಡುವ ಜಾಗದಲ್ಲಿ. ಅದರ ಮೇಲೆ ನಾಲ್ಕು ತಿಂಗಳ ಮಳೆ. ಕ್ಯಾಸೆಟ್ಟಿನ ಕಿಟಕಿಯೊಳಗೆ ಟಾರ್ಚ್ ಓರೆಯಾಗಿ ಬಿಡಿ. ಆರೋಗ್ಯವಾದ ಟೇಪಿನ ಸುರುಳಿ ಗ್ರಾಮಫೋನ್ ತಟ್ಟೆಯ ಹಾಗೆ ಕಪ್ಪಗೆ ನುಣ್ಣಗೆ ಹೊಳೆಯುತ್ತದೆ. ಬೂಷ್ಟು ಇದ್ದರೆ ಸುರುಳಿಯ ಅಂಚಿನ ಮೇಲೆ ಸಕ್ಕರೆ ಪುಡಿ ಉದುರಿಸಿದಂತೆ ಅಥವಾ ಬೂದಿಯ ಉಂಗುರಗಳಂತೆ ಕಾಣುತ್ತದೆ. ಅಂಥ ನಾಲ್ಕನ್ನು ಇವತ್ತೇ ಬೇರೆ ಮಾಡಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಡಿ.

ಒದ್ದೆ ಬೂಷ್ಟನ್ನು ಒರೆಸಿದರೆ ಅದು ಬಳಿದುಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಉದುರುತ್ತದೆ. ಅದಕ್ಕೇ ಮೊದಲು ಒಣಗಿಸುವುದು. ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕ್ಯಾಸೆಟ್‌ಗಳನ್ನು ನಿಲ್ಲಿಸಿ, ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಕಟ್ಟಿ ಇಡಿ, ಪಕ್ಕದಲ್ಲೊಂದು ತೇವಾಂಶ ಮೀಟರ್. ಮೀಟರ್ 35ರಿಂದ 40 ಶೇಕಡಕ್ಕೆ ಇಳಿದು ಅಲ್ಲೇ ಎರಡು ಮೂರು ವಾರ ನಿಲ್ಲಬೇಕು. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯ ಓವನ್ನಿಗೆ ಅದು ಬೇಡ. ಕಿತ್ತಳೆ ಹಸಿರಾದರೆ ನೀರು ಕುಡಿದು ಮುಗಿಸಿದೆ ಎಂದರ್ಥ: 110–120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕ್ಯಾಸೆಟ್‌ಗಳನ್ನು ಬಾಲ್ಕನಿಯ ಬಿಸಿಲಿಗೆ ಇಡಬೇಡಿ, ಹಪ್ಪಳವಲ್ಲ ಅದು; ಬಿಸಿಗೆ ಟೇಪ್ ಅಂಚು ಸುಕ್ಕಾದರೆ ಮತ್ತೆ ನೇರ್ಪಾಗುವುದಿಲ್ಲ. ಫ್ರಿಜ್ಜೂ ಬೇಡ. ಮೊಬೈಲಿಗೆ ಮಾಡುವಂತೆ ಅಕ್ಕಿಯಲ್ಲಿ ಹೂಳುವುದಂತೂ ಬೇಡವೇ ಬೇಡ, ಅಕ್ಕಿಯ ಹೊಟ್ಟು ಪುಡಿ ಒಳಗೆ ಸೇರುತ್ತದೆ.

ಒಣಗಿದ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಗಾಳಿಯಾಡುವ ಕಡೆ ಕೂತು ಮಾಡಿ. ಮನೆಯಲ್ಲಿ ಆಸ್ತಮಾ ಇದ್ದವರಿದ್ದರೆ ಈ ಕೆಲಸವನ್ನೇ ಹೊರಗೆ ಕೊಡಿ. ಕ್ಯಾಸೆಟ್ಟಿನ ಕೆಳಬದಿಯಲ್ಲಿ 5 ಸ್ಕ್ರೂ ಇರುತ್ತವೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಮೇಲ್ಭಾಗ ಎತ್ತಿದೊಡನೆ ಸ್ಪ್ರಿಂಗು ಹಾರಿಹೋಗುತ್ತದೆ. ಪ್ಲಾಸ್ಟಿಕ್ ಕವಚವನ್ನು ಒರೆಸುವ ಗೋಜಿಗಿಂತ ಯಾವುದೋ ಹಳೆಯ ಸಿನಿಮಾ ಕ್ಯಾಸೆಟ್ಟಿನ ಕವಚ ತಂದು ಸುರುಳಿಗಳನ್ನು ಅದಕ್ಕೆ ದಾಟಿಸುವುದು ಸುಲಭ. ಸುರುಳಿಯ ಅಂಚನ್ನು ನೂಲು ಬಿಡದ ಒಣ ಮೈಕ್ರೋಫೈಬರ್ ಬಟ್ಟೆಯಿಂದ ಮೃದುವಾಗಿ ಒತ್ತಿ ತೆಗೆಯಿರಿ. ಟೇಪಿನ ಮೈಯಲ್ಲೂ ಬೂಷ್ಟು ಇದ್ದರೆ ಇಡೀ ಟೇಪನ್ನು ಬಟ್ಟೆಯ ನಡುವೆ ಹಾಯಿಸಬೇಕು. ಮೂರು ಗಂಟೆಯ ಇ-180 ಕ್ಯಾಸೆಟ್ಟಿನಲ್ಲಿ ಇರುವುದು ಸುಮಾರು 258 ಮೀಟರ್, ಕೈಯಲ್ಲಿ ಸುತ್ತಲು ಅರ್ಧ ದಿನ ಬೇಕು. ಟೇಪ್ ಪದರಗಳು ಒಂದಕ್ಕೊಂದು ಅಂಟಿ ಚರ್ ಎಂದು ಬಿಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ವೃತ್ತಿಪರರಿಗೆ ಕೊಡಿ. ತುಂಡಾದ ಟೇಪಿಗೆ ಮಾಮೂಲಿ ಸೆಲ್ಲೋ ಟೇಪ್ ಹಚ್ಚಿದರೆ ಅದರ ಅಂಟು ತಿರುಗುವ ಹೆಡ್ಡಿಗೆ ಹೋಗುತ್ತದೆ. ಟೇಪ್ ಜೋಡಿಸಲೆಂದೇ ಸಿಗುವ ಪಟ್ಟಿಯನ್ನು ಒಳಮೈಗೆ ಮಾತ್ರ ಹಚ್ಚಿ, ಅಂಚು ಮೀರದಂತೆ ಕತ್ತರಿಸಿ. ಹೊರಮೈ ಹೆಡ್ಡಿಗೆ ತಾಗುವ ಬದಿ.

ವಿಸಿಆರ್ ವಿಷಯ. ಮಾತು ಸ್ಪಷ್ಟ, ಚಿತ್ರವೆಲ್ಲ ಚುಕ್ಕೆ ಎಂದರೆ ವಿಡಿಯೋ ಹೆಡ್ ಕಟ್ಟಿಕೊಂಡಿದೆ. ಸಾಧಾರಣ ವಿಸಿಆರ್‌ನಲ್ಲಿ ಮಾತಿನ ಹೆಡ್ ಬೇರೆ, ಒಂದೆಡೆ ನಿಂತಿರುತ್ತದೆ. ಚಿತ್ರದ ಹೆಡ್ಡುಗಳು 62 ಮಿಲಿಮೀಟರ್ ವ್ಯಾಸದ ಉಕ್ಕಿನಂತೆ ಹೊಳೆಯುವ ಡ್ರಮ್ಮಿನ ಅಂಚಿನಲ್ಲಿ ಕೂತು ನಿಮಿಷಕ್ಕೆ 1500 ಸುತ್ತು ತಿರುಗುತ್ತವೆ. ಅವು ಓದುವ ಒಂದೊಂದು ಗೆರೆಯ ಅಗಲ 49 ಮೈಕ್ರೋಮೀಟರ್, ತಲೆಗೂದಲಿಗಿಂತ ಸಣ್ಣದು. ಬೂಷ್ಟಿನ ಒಂದು ಕಣ ಸಾಕು ಮುಚ್ಚಲು. ಇದಕ್ಕೆ ವ್ಯತಿರಿಕ್ತವಾಗಿ, ಚುಕ್ಕೆಗಳ ಪಟ್ಟಿ ಚಿತ್ರದ ಮೇಲೋ ಕೆಳಗೋ ಒಂದೇ ಕಡೆ ನಿಂತಿದ್ದರೆ ಹೆಡ್ಡು ಚೆನ್ನಾಗಿದೆ, ವಿಸಿಆರ್‌ನ ಟ್ರ್ಯಾಕಿಂಗ್ ಗುಂಡಿ ತಿರುಗಿಸಿ ನೋಡಿ.

ಹೆಡ್ ತೊಳೆಯುವುದು ಹೀಗೆ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ಬಿಚ್ಚಿ. 99 ಶೇಕಡ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಮೆಡಿಕಲ್‌ನಲ್ಲಿ ಸಿಗುವ 70 ಶೇಕಡದಲ್ಲಿ ನೀರು ಜಾಸ್ತಿ. ಬಿಳಿ ಝೆರಾಕ್ಸ್ ಕಾಗದದ ಒಂದು ಬೆರಳಗಲದ ಪಟ್ಟಿಯನ್ನು ಅದರಲ್ಲಿ ನೆನೆಸಿ, ಡ್ರಮ್ಮಿನ ಬದಿಗೆ ಹಗುರವಾಗಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಡ್ರಮ್ಮಿನ ನೆತ್ತಿ ಹಿಡಿದು ನಿಧಾನಕ್ಕೆ ತಿರುಗಿಸಿ. ಕಾಗದ ಅಲುಗಬಾರದು, ಡ್ರಮ್ಮು ಮಾತ್ರ ತಿರುಗಬೇಕು. ಮೇಲೆ ಕೆಳಗೆ ಒರೆಸಿದಿರೋ, ಹೆಡ್ಡಿನ ತುದಿ ಪಟ್ ಎಂದು ಮುರಿಯಿತು, ಅಲ್ಲಿಗೆ ಆ ವಿಸಿಆರ್ ಕಥೆ ಮುಗಿಯಿತು. ಕಿವಿಗೆ ಹಾಕುವ ಹತ್ತಿಯ ಕಡ್ಡಿ ಡ್ರಮ್ಮಿನ ಹತ್ತಿರ ಬರಲೇಬಾರದು, ಅದರ ಎಳೆ ಸಿಕ್ಕಿಕೊಂಡು ತುದಿಯನ್ನು ಕಿತ್ತುಬಿಡುತ್ತದೆ. ಮಾತಿನ ಹೆಡ್ಡು, ಟೇಪ್ ಹಾಯುವ ಕಂಬಗಳಿಗೆ ಅದೇ ಕಡ್ಡಿ ಸರಿ. ರಬ್ಬರಿನ ಗಾಲಿಗೆ ಆಲ್ಕೋಹಾಲ್ ಬೇಡ, ಒದ್ದೆ ಬಟ್ಟೆ ಸಾಕು. ಕಾಗದದಲ್ಲಿ ಕಂದು ಕಲೆ ಬರುವುದು ನಿಲ್ಲುವ ತನಕ ಮೂರು ನಾಲ್ಕು ಸಲ ಮಾಡಿ, ಕಾಲು ಗಂಟೆ ಒಣಗಲು ಬಿಡಿ, ಆಮೇಲೆ ಹೋದರೂ ಚಿಂತೆಯಿಲ್ಲದ ಒಂದು ಕ್ಯಾಸೆಟ್ ಹಾಕಿ ಪರೀಕ್ಷಿಸಿ. ಸುತ್ತುವಾಗ ತಿಣುಕುತ್ತಿದ್ದರೆ ಬೆಲ್ಟ್ ಸಡಿಲವಾಗಿದೆ ಅಥವಾ ಕರಗಿ ಟಾರಿನಂತಾಗಿದೆ. ಲ್ಯಾಮಿಂಗ್ಟನ್ ರೋಡಿನ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಹಳೆಯ ಬೆಲ್ಟ್‌ಅನ್ನೇ ಕೊಂಡುಹೋಗಿ ಅಳತೆಗೆ ಕೊಡಿ.

ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜುಲೈಯಲ್ಲಿ ಡ್ರಮ್ಮಿನ ನುಣುಪು ಲೋಹದ ಮೇಲೆ ಕಣ್ಣಿಗೆ ಕಾಣದ ತೇವ ಕೂತು ಟೇಪ್ ಅದಕ್ಕೆ ಅಂಟಿಕೊಂಡು ಸುತ್ತಿಬಿಡುತ್ತದೆ. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಎಸಿ ಕೋಣೆಯಲ್ಲಿ, ವಿಸಿಆರ್ ಅನ್ನು ಅರ್ಧ ಗಂಟೆ ಮುಂಚೆ ಆನ್ ಮಾಡಿ ಬೆಚ್ಚಗಾಗಿಸಿ. ಟೇಪ್ ಒಳಗೆ ಸಿಕ್ಕಿಕೊಂಡರೆ ಎಳೆಯಬೇಡಿ. ಪ್ಲಗ್ ತೆಗೆದು, ಟೇಪನ್ನು ಒಳಗೆಳೆಯುವ ಸಣ್ಣ ಮೋಟರಿನ ಗಾಲಿಯನ್ನು ಬೆರಳಿನಿಂದ ಹಿಮ್ಮುಖ ತಿರುಗಿಸುತ್ತಾ ಹೋದರೆ ಕಂಬಗಳು ತಾವಾಗಿ ಹಿಂದೆ ಸರಿಯುತ್ತವೆ.

ಬಣ್ಣ ಬಾರದಿರುವುದು ಇಷ್ಟರಲ್ಲೇ ಸಣ್ಣ ತೊಂದರೆ. ಕಡ್ಡಿಯ ಸಾಫ್ಟ್‌ವೇರ್ ಎನ್‌ಟಿಎಸ್‌ಸಿಗೆ ಹೊಂದಿಸಿಕೊಂಡಿರುತ್ತದೆ, ಅದು ಅಮೆರಿಕ, ಜಪಾನುಗಳ ಪದ್ಧತಿ. ನಮ್ಮದು ಪಾಲ್-ಬಿ. ಸೆಟ್ಟಿಂಗಿನಲ್ಲಿ ಅದನ್ನು ಆರಿಸಿ, ಅಳತೆ 720×576, ಸೆಕೆಂಡಿಗೆ 25 ಫ್ರೇಮ್ ಎಂದಿಡಿ. ಕಡ್ಡಿಯ ಜೊತೆ ಬರುವ ಸಾಫ್ಟ್‌ವೇರ್ ಬದಲು ವರ್ಚುವಲ್‌ಡಬ್ ಎಂಬ ಸಾಫ್ಟ್‌ವೇರ್ ಬಳಸಿ, ಹಫ್‌ವೈಯುವಿ ಎಂಬ, ಗುಣ ನಷ್ಟವಾಗದಂತೆ ಒತ್ತುವ ಕೋಡೆಕ್‌ನಲ್ಲಿ ಉಳಿಸಿ. ಒತ್ತದೆ (ಕಂಪ್ರೆಸ್ ಮಾಡದೆ) ಹಾಗೇ ಉಳಿಸಿದರೆ ಗಂಟೆಗೆ 75 ಜಿಬಿ ತಿನ್ನುತ್ತದೆ, ಹೀಗೆ ಮಾಡಿದರೆ ಸುಮಾರು ಅದರ ಅರ್ಧ. ಮೂರು ಮೂರು ಗಂಟೆಯ 11 ಕ್ಯಾಸೆಟ್ಟಿಗೆ 2 ಟಿಬಿ ಡಿಸ್ಕ್ ತೆಗೆದುಕೊಳ್ಳಿ. ಕಡ್ಡಿಯನ್ನು ಯುಎಸ್‌ಬಿ ಹಬ್‌ಗೆ ಹಾಕದೆ ನೇರ ಕಂಪ್ಯೂಟರಿಗೆ ಚುಚ್ಚಿ, ವೈಫೈ ಆಫ್ ಮಾಡಿ, ಬಿದ್ದುಹೋದ ಫ್ರೇಮುಗಳ ಲೆಕ್ಕದ ಮೇಲೆ ಕಣ್ಣಿಡಿ. ಗಂಟೆಗೆ ಒಂದೆರಡು ಹೋದರೆ ಪರವಾಗಿಲ್ಲ. ನೂರಾರು ಹೋದರೆ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗುತ್ತದೆ.

ಹಾಗಾಗುವುದಕ್ಕೆ ನಿಮ್ಮ ಟೇಪಿನಲ್ಲಿ ಒಂದು ವಿಶೇಷ ಕಾರಣವಿರಬಹುದು. ಜಾಹೀರಾತು ಬಂದಾಗ ಪಾಸ್ ಗುಂಡಿ ಒತ್ತಿ ರೆಕಾರ್ಡಿಂಗ್ ತಡೆದು ಆಮೇಲೆ ಬಿಡುವುದು ಆಗ ಎಲ್ಲರ ಮನೆಯ ರೂಢಿ. ಆ ಒಂದೊಂದು ಗಂಟಿನಲ್ಲೂ ಸಿಗ್ನಲ್ ಕ್ಷಣಕಾಲ ಕಂಗೆಡುತ್ತದೆ, ಅಗ್ಗದ ಕಡ್ಡಿ ಅಲ್ಲಿ ಮುಗ್ಗರಿಸುತ್ತದೆ. ಮೇಲಂಚಿನಲ್ಲಿ ಚಿತ್ರ ಬಾವುಟದಂತೆ ಓಲಾಡುವುದೂ ಇದೇ ಜಾತಿಯ ರೋಗ. ಇದಕ್ಕೆ ಸರಿಯಾದ ಮದ್ದು ಗೆರೆಗಳ ಸಮಯವನ್ನು ತಿದ್ದುವ ಟಿಬಿಸಿ ಯಂತ್ರ. ಅದು ದುಬಾರಿ. ಬಡವರ ಮದ್ದು ಪ್ಯಾನಾಸಾನಿಕ್‌ನ ಡಿಎಂಆರ್-ಇಎಸ್10 ಅಥವಾ ಇಎಸ್15 ಎಂಬ ಹಳೆಯ ಡಿವಿಡಿ ರೆಕಾರ್ಡರ್. ವಿಸಿಆರ್‌ನ ತಂತಿಯನ್ನು ಅದಕ್ಕೆ ಕೊಟ್ಟು, ಅದರಿಂದ ಕಡ್ಡಿಗೆ ತೆಗೆದುಕೊಳ್ಳಿ. ಡಿಸ್ಕ್ ಹಾಕಬೇಕಾಗಿಲ್ಲ, ಸಿಗ್ನಲ್ ಅದರ ಮೂಲಕ ಹಾದುಹೋದರೇ ನೆಟ್ಟಗಾಗುತ್ತದೆ. ಎಚ್‌ಡಿಎಂಐ ಕೊಡುತ್ತೇವೆ ಎನ್ನುವ ಕೈಯಗಲದ ಪೆಟ್ಟಿಗೆಗಳಿಗೆ ದುಡ್ಡು ಹಾಕಬೇಡಿ. ಅವು ಚಿತ್ರವನ್ನು ಹಿಗ್ಗಿಸುವ ಭರದಲ್ಲಿ ಅದರ ಅರ್ಧ ಚಲನೆಯನ್ನೇ ನುಂಗಿಹಾಕುತ್ತವೆ.

ಚಲನೆ ನುಂಗುವುದು ಎಂದರೆ ಏನು ಎಂದು ಬಿಡಿಸಿ ಹೇಳಬೇಕು, ಯಾಕೆಂದರೆ ಬಾಲ್ಯದಲ್ಲಿ ಕಂಡ ಆ ‘ಟಿವಿಯ ಮುಖ’ ಇರುವುದೇ ಇಲ್ಲಿ. ಪಾಲ್ ಟಿವಿ ಸೆಕೆಂಡಿಗೆ 25 ಪೂರ್ತಿ ಚಿತ್ರ ತೋರಿಸುತ್ತಿರಲಿಲ್ಲ, 50 ಅರ್ಧ ಚಿತ್ರ ತೋರಿಸುತ್ತಿತ್ತು: ಒಮ್ಮೆ ಬೆಸ ಗೆರೆಗಳು, ಒಮ್ಮೆ ಸರಿ ಗೆರೆಗಳು. ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಧಾರಾವಾಹಿಯಲ್ಲಿ ಈ 50 ಅರ್ಧಗಳೂ ಬೇರೆ ಬೇರೆ ಕ್ಷಣದವು. ಅದರಿಂದಲೇ ಸ್ಟುಡಿಯೋ ಸೆಟ್ಟಿನಲ್ಲಿ ಬೆಳ್ಳಿ ಬಟ್ಟೆಯ ಕ್ಯಾಪ್ಟನ್ ತಿರುಗಿದರೆ ಎಣ್ಣೆ ಹಚ್ಚಿದಷ್ಟು ನಯವಾಗಿ ಕಾಣುತ್ತಿದ್ದುದು. ಸ್ಟಾರ್ ಟ್ರೆಕ್ ಫಿಲ್ಮು, ಸೆಕೆಂಡಿಗೆ 24 ಚಿತ್ರ. (ಅದು ಮಕ್ಕಳಿಗೆಂದೇ ಮಾಡಿದ್ದಲ್ಲ. ಆದರೆ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಅದರ ಮುಂದೆ ಕೂತವರು ಮಕ್ಕಳೇ.) ಪಾಲ್‌ಗಾಗಿ ಫಿಲ್ಮನ್ನು 25ರ ವೇಗದಲ್ಲಿ ಓಡಿಸಿದರೆ 50 ನಿಮಿಷದ ಕಂತು 48ಕ್ಕೇ ಮುಗಿಯುತ್ತದೆ, ದನಿಗಳೂ ಕೂದಲೆಳೆಯಷ್ಟು ತೆಳುವಾಗುತ್ತವೆ. ಅಮೆರಿಕದ ಟೇಪನ್ನೇ ಯಂತ್ರದಿಂದ ಪಾಲ್‌ಗೆ ಬದಲಿಸಿದ್ದರೆ ವೇಗ ಸರಿಯಿರುತ್ತದೆ, ಆದರೆ ನಿಲ್ಲಿಸಿ ನೋಡಿದಾಗ ಒಂದೇ ಚಿತ್ರದಲ್ಲಿ ಎರಡು ಕೈ ನೆರಳಿನಂತೆ ಕಾಣುತ್ತವೆ.

ಯಾವುದು ಯಾವ ಬಗೆ ಎಂದು ನೀವೇ ನೋಡಿ ಹೇಳಬಹುದು. ಯಾರಾದರೂ ಓಡುವ ದೃಶ್ಯ ಹುಡುಕಿ, ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಎಲ್ಲ ಫ್ರೇಮಿನಲ್ಲೂ ಓಡುವವನ ಅಂಚು ಬಾಚಣಿಗೆಯ ಹಲ್ಲಿನಂತಿದ್ದರೆ ಅದು ವಿಡಿಯೋ. ಅದನ್ನು ಹೈಬ್ರಿಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕ್ಯೂಟಿಜಿಎಂಸಿ ಫಿಲ್ಟರ್ ಹಾಕಿ 50 ಫ್ರೇಮಿಗೆ ಬಿಡಿಸಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ‘ಬಾಬ್’ ಆಯ್ಕೆ ಮಾಡಿ 50 ಎಂದು ಕೊಡಿ. 25 ಎಂದು ಕೊಟ್ಟರೆ ಅರ್ಧ ಕ್ಷಣಗಳು ಕಸದ ಬುಟ್ಟಿಗೆ ಹೋಗುತ್ತವೆ. ಯೂಟ್ಯೂಬಿನಲ್ಲಿ ಹಳೆಯ ಧಾರಾವಾಹಿಗಳು ಏನೋ ಕುಂಟುತ್ತಿವೆ, ಆಗ ನೋಡಿದಂತಿಲ್ಲ ಎನಿಸುವುದಕ್ಕೆ ಅರ್ಧ ಕಾರಣ ಇದು. ಬಿಡಿಸಿದ ಮೇಲೆ ಓಡುವವನು ಎರಡು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ನಡುಗುತ್ತಿದ್ದರೆ ಬೆಸ-ಸರಿ ಗೆರೆಗಳ ಕ್ರಮ ಅದಲು ಬದಲಾಗಿದೆ, ಆ ಒಂದು ಆಯ್ಕೆ ತಿರುಗಿಸಿ. ಫಿಲ್ಮಿನಿಂದ ಬಂದ ಕಂತಿನಲ್ಲಿ ಸಾಮಾನ್ಯವಾಗಿ ಬಾಚಣಿಗೆ ಇರುವುದೇ ಇಲ್ಲ, ಅದನ್ನು 25ರಲ್ಲೇ ಬಿಡಿ.

ಕೃತಕ ಬುದ್ಧಿಯ ಸಾಫ್ಟ್‌ವೇರಿನಿಂದ ‘4ಕೆ’ ಮಾಡಿಸುವ ಆಸೆಗೆ ಬೀಳಬೇಡಿ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ನಿಜವಾಗಿ ಇರುವುದು ಸುಮಾರು 240 ಗೆರೆಗಳ ವಿವರ. ಉಳಿದದ್ದನ್ನು ಯಂತ್ರ ಊಹಿಸಿ ಬರೆಯುತ್ತದೆ: ಮುಖಗಳು ಮೇಣದ ಗೊಂಬೆಗಳಾಗುತ್ತವೆ, ಹೆಸರು ಪಟ್ಟಿಯ ದೇವನಾಗರಿ ಅಕ್ಷರಗಳು ಯಾವ ಭಾಷೆಯದೂ ಅಲ್ಲದ ಗೀಚುಗಳಾಗುತ್ತವೆ. ಚಿತ್ರದ ತೀರ ಕೆಳಗಿನ ಕೆಲವು ಗೆರೆಗಳು ಚದುರಿದಂತೆ ಕಾಣುವುದು ಮಾತ್ರ ದೋಷವಲ್ಲ, ಎರಡು ಹೆಡ್ಡುಗಳು ಸರದಿ ಬದಲಿಸುವ ಜಾಗ ಅದು. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚಿಕೊಳ್ಳುತ್ತಿತ್ತು.

ಅಂಗಡಿಗೆ ಕೊಡಬಹುದೇ ಎಂದರೆ, ಕೊಡಬಹುದು, ಬೂಷ್ಟಿನ ನಾಲ್ಕನ್ನಂತೂ ಕೊಡುವುದೇ ವಾಸಿ. ಆದರೆ 11ನ್ನೂ ಒಟ್ಟಿಗೆ ಕೊಡಬೇಡಿ. ‘ಶಕ್ತಿಮಾನ್’ ಒಂದನ್ನು ಕೊಟ್ಟು ನೋಡಿ. ಒತ್ತದ ಮೂಲ ಫೈಲ್ ಕೊಡುತ್ತೀರಾ, ಜಾಹೀರಾತು ಕತ್ತರಿಸದೆ ಇಡುತ್ತೀರಾ, ಕ್ಯಾಸೆಟ್ ವಾಪಸ್ ಕೊಡುತ್ತೀರಾ ಎಂದು ಮೊದಲೇ ಕೇಳಿ. ‘ಡಿವಿಡಿ ಮಾಡಿ ಕೊಡುತ್ತೇವೆ’ ಎಂಬುದಷ್ಟೇ ಉತ್ತರವಾದರೆ ಎದ್ದು ಬನ್ನಿ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಕೊಟ್ಟರೆ ಹೇಗೆ ಎಂದು ಕೆಲವರು ಕೇಳುವುದುಂಟು. 1964ರಲ್ಲಿ ಸ್ಥಾಪನೆಯಾದ ಅದರ ಕಸುಬು ಸಿನಿಮಾ, ಮನೆಯಲ್ಲಿ ಟಿವಿಯಿಂದ ಇಳಿಸಿಕೊಂಡ ಟೇಪಲ್ಲ. ಮನೆಯವರು ಕೂತು ನೋಡಲು ಪ್ರತಿ ಇಟ್ಟುಕೊಳ್ಳುವುದು ಒಂದು, ಇಡೀ ಕಂತನ್ನು ಎಲ್ಲರಿಗೂ ಕಾಣುವಂತೆ ಏರಿಸುವುದು ಇನ್ನೊಂದು. ಹಕ್ಕು ಅವರದು. ಸಿನಿಮಾ, ಧಾರಾವಾಹಿಗಳಿಗೆ ನಮ್ಮ ಕಾಯ್ದೆಯಲ್ಲಿ 60 ವರ್ಷದ ಹಕ್ಕುಸ್ವಾಮ್ಯವಿದೆ, ಇವುಗಳಲ್ಲಿ ಯಾವುದರದೂ ಮುಗಿದಿಲ್ಲ.

ಫೈಲಿಗೆ ಹೆಸರಿಡುವಾಗ ತಾರೀಖು ಗೊತ್ತಿಲ್ಲದಿದ್ದರೆ ನಡುವಿನ ಜಾಹೀರಾತೇ ಹೇಳುತ್ತದೆ. ವಿಳಾಸದಲ್ಲಿ ‘ಬಾಂಬೆ 400’ ಎಂದಿದ್ದರೆ ಬಹುತೇಕ 1995ರ ಹೆಸರು ಬದಲಾವಣೆಗೆ ಮುಂಚಿನದು. ಶಕ್ತಿಮಾನ್‌ನ ಮುಂಗಾಣ್ಕೆ ಇಣುಕಿದ್ದರೆ 1997ರ ಈಚೆಯದು. ಅಪ್ಪನ ಚೀಟಿಗಳನ್ನು ಕೀಳದೆ ನಾಲ್ಕೂ ಬದಿಯ ಫೋಟೊ ತೆಗೆದು ಅದೇ ಫೋಲ್ಡರಿನಲ್ಲಿ ಹಾಕಿ. ಕಾಯಂ ಪ್ರತಿಗೆ ಎಫ್‌ಎಫ್‌ವಿ1 ಎಂಬ ನಷ್ಟವಿಲ್ಲದ ಕೋಡೆಕ್, ಮನೆಮಂದಿಗೆ ಹಂಚಲು ಚಿಕ್ಕ ಫೈಲಿನ ಎಚ್.264, ಎರಡನ್ನೂ 4:3 ಅನುಪಾತದಲ್ಲೇ ಇಡಿ, ಹೊಸ ಟಿವಿಯ ಅಗಲ ತುಂಬಿಸಲು ಹಿಗ್ಗಿಸಿದರೆ ಮಿಲಿಂದ್ ಸೋಮನ್ ಕೂಡ ಗುಜ್ಜಾರಿಯಾಗಿ ಕಾಣುತ್ತಾರೆ. ಎರಡು ಡಿಸ್ಕಿನಲ್ಲಿ ಪ್ರತಿ ಮಾಡಿ, ಒಂದನ್ನು ಊರಿನ ಮನೆಯಲ್ಲಿ ಬಿಟ್ಟು ಬನ್ನಿ, ವರ್ಷಕ್ಕೊಮ್ಮೆ ಹೋದಾಗ ಚುಚ್ಚಿ ಓಡಿಸಿ ನೋಡಿ. ಕ್ಯಾಸೆಟ್‌ಗಳನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿ, ಸಿಲಿಕಾ ಜೆಲ್ ಡಬ್ಬಿಯಲ್ಲೇ ಇಡಿ. ಹೊಸ ಫ್ಲ್ಯಾಟಿನಲ್ಲಿ ಮಾಳಾ ಇದ್ದರೂ ಅಲ್ಲಿ ಬೇಡ, ಮಲಗುವ ಕೋಣೆಯ ಕಪಾಟಿನ ನಡುವಿನ ಹಲಗೆ ಸಾಕು.